ಸ್ಕೋಫೀಲ್ಡ್ಸಿನವನ ಅರುಂಧತಿ ದರ್ಶನ

ನಕ್ಷತ್ರ ನೋಡಲು ಹೊರಟವನಿಗೆ ನೆಲದ ಮೇಲೇ ಏನಾದರೊಂದು ಎಡವಟ್ಟು ಕಾದಿರುತ್ತದೆ. ನನಗಂತೂ ಒಂದೂ ತಪ್ಪಿದ್ದಿಲ್ಲ.

ನಾವಿರುವುದು ಸಿಡ್ನಿಯ ಅಂಚಿನ ಸ್ಕೋಫೀಲ್ಡ್ಸಿನಲ್ಲಿ. ನಾನು ಕೊಂಡ ಟೆಲಿಸ್ಕೋಪಿನಲ್ಲಿ ಕಣ್ಣಿಡುವ ಜಾಗಕ್ಕೆ ಕ್ಯಾಮೆರಾ ಕೂರುತ್ತದೆ. ಅದು ಫೋಟೋ ಮೇಲೆ ಫೋಟೋ ತೆಗೆದು ಸೇರಿಸುತ್ತ ಹೋದಂತೆ ಲ್ಯಾಪ್‌ಟಾಪಿನಲ್ಲಿ ಚಿತ್ರ ತಿಳಿಯಾಗುತ್ತದೆ. ಇದರ ಪೆಟ್ಟಿಗೆಗಳೆಲ್ಲ ಗರಾಜು ತುಂಬಿ, ಹೆಂಡತಿಯ ಕಾರು ರಸ್ತೆಗೆ ಬಿತ್ತು. ಅವಳು ಷರತ್ತು ಹಾಕಿದಳು: "ದೀಪಾವಳಿಯೊಳಗೆ ಇದು ಯಾರೊಬ್ಬರಿಗಾದರೂ ಉಪಯೋಗಕ್ಕೆ ಬಂದರೆ ಇರಲಿ. ಇಲ್ಲದಿದ್ದರೆ ಮಾರಿಬಿಡಿ."

ಧ್ರುವ ನಾಪತ್ತೆ

ಮೊದಲು ಧ್ರುವ ನಕ್ಷತ್ರಕ್ಕೆ ಗುರಿ ಹಿಡಿಯಿರಿ ಎಂದು ವಿಡಿಯೋದಲ್ಲಿ ಹೇಳಿದ್ದರು. ಮೂರು ಸಂಜೆ ಹಿತ್ತಲಲ್ಲಿ ಹುಡುಕಿದೆ. ಪಕ್ಕದವರ ಮಹಡಿ ಅಡ್ಡ ಬಂದಿದೆ ಎಂದು ಅವರ ಮೇಲೆ ಸಿಟ್ಟೂ ಬಂತು. ಕೊನೆಗೆ, ಇದೇ ಹುಚ್ಚು ಹತ್ತಿಸಿಕೊಂಡು ಮೆಲ್ಬರ್ನಿನ ವಿಂಡಮ್ ವೇಲಿನಲ್ಲಿರುವ ಮಂಗಳೂರಿನ ಗೆಳೆಯನಿಗೆ ಫೋನ್ ಮಾಡಿದೆ. ಅವನು ಪೂರ್ತಿ ಕೇಳಿಸಿಕೊಂಡ.

"ಮಾರಾಯ, ಧ್ರುವ ಕಾಣುವುದು ಭೂಮಿಯ ಉತ್ತರದ ಅರ್ಧದವರಿಗೆ. ನಿನಗೆ ಆಸ್ಟ್ರೇಲಿಯಾದಲ್ಲಿ ನೆಲೆಸಲು ಪಿಆರ್ ಬಂದು ಎಷ್ಟು ವರ್ಷ ಆಯ್ತು?"

ಸಂಕಷ್ಟಿಯ ಚಂದ್ರ

ಉಡುಪಿಯಿಂದ ಬಂದಿದ್ದ ಅಮ್ಮನದು ಸಂಕಷ್ಟಿ ಉಪವಾಸ. ಚಂದ್ರನನ್ನು ನೋಡಿ, ಅರ್ಘ್ಯ ಬಿಟ್ಟ ಮೇಲೇ ಊಟ. ಹೊರಗೆ ಮೇ ತಿಂಗಳ ಚಳಿ, ಅವರಿಗೆ ಮಂಡಿನೋವು. ಷರತ್ತು ಗೆದ್ದೇಬಿಟ್ಟೆ ಎಂದುಕೊಂಡು, ಹಿತ್ತಲಿನ ಟೆಲಿಸ್ಕೋಪಿನಿಂದ ಚಂದ್ರನನ್ನು ದೇವರ ಮುಂದಿನ ಲ್ಯಾಪ್‌ಟಾಪಿಗೇ ತಂದುಕೊಟ್ಟೆ. ಅಮ್ಮ ಕೈಮುಗಿದರು. ನಾನು ತಡೆಯುವ ಮೊದಲೇ ಉದ್ಧರಣೆಯಲ್ಲಿ ಮೂರು ಸಲ ನೀರು ಬಿಟ್ಟರು. ಪರದೆ ಕಪ್ಪಾಯಿತು.

"ಮೋಡ ಬಂತು ಅಂತ ಕಾಣ್ತದೆ" ಎಂದು ಅಮ್ಮ ಊಟಕ್ಕೆ ಎದ್ದರು.

ಅರುಂಧತಿ

ಅಮ್ಮನ ಊಟವನ್ನು ಹೆಂಡತಿ ಉಪಯೋಗವೆಂದು ಒಪ್ಪಲಿಲ್ಲ. ಸತ್ತ ಲ್ಯಾಪ್‌ಟಾಪನ್ನೇ ಎತ್ತಿ ತೋರಿಸಿದಳು.

ಜೂನಿನಲ್ಲಿ ಕೆಲ್ಲಿವಿಲ್‌ನ ಗೆಳೆಯನ ಮಗಳ ಮದುವೆ. ಇಲ್ಲಿ ಪುರೋಹಿತರು ಮದುವೆ ಹಾಲ್‌ನ ಛಾವಣಿಗೆ ಬೆರಳು ತೋರಿಸಿ, ಅದೇ ಅರುಂಧತಿ ನಕ್ಷತ್ರ ಎಂದು ಮುಗಿಸುತ್ತಾರೆ. ನನ್ನ ಮಗಳಿಗಾದರೂ ನಿಜವಾದದ್ದು ತೋರಿಸು ಎಂದ ಗೆಳೆಯ. ಹಿಂದೆಮುಂದೆ ನೋಡದೆ ಒಪ್ಪಿದೆ.

ಕತ್ತಲಾದ ಮೇಲೆ ಹಾಲ್‌ನ ಹೊರಗೆ ವಧೂವರರು, ಪುರೋಹಿತರು, ನೆಂಟರೆಲ್ಲ ಹೊಸ ಲ್ಯಾಪ್‌ಟಾಪಿನ ಮುಂದೆ ಕೈಮುಗಿದು ನಿಂತರು. ನಕ್ಷತ್ರದ ಹೆಸರು ಒತ್ತಿದೆ. ಟೆಲಿಸ್ಕೋಪು ಮೇಲೇಳುವ ಬದಲು ಬಗ್ಗುತ್ತ ಬಗ್ಗುತ್ತ ಹೋಗಿ, ಕಾರ್ ಪಾರ್ಕಿನಾಚೆಯ ಅಡುಗೆಮನೆಯ ಕಿಟಕಿಗೆ ಮುಖ ಮಾಡಿ ನಿಂತಿತು. ಧ್ರುವನ ಪಾಠ ಆಗ ನೆನಪಾಯಿತು. ಅರುಂಧತಿಯೂ ಉತ್ತರದವಳೇ, ಸಿಡ್ನಿಯಲ್ಲಿ ಬಾನಂಚು ಬಿಟ್ಟು ಮೇಲೆ ಬರುವವಳಲ್ಲ.

ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಆ ಚಳಿಯಲ್ಲೂ ಬೆವರುತ್ತ ಫೋಕಸ್ ತಿರುಗಿಸಿದೆ. ಪರದೆಯಲ್ಲಿ ದುಂಡಗೆ ಏನೋ ಬೆಳಗಿತು. ಬಂತು ಬಂತು ಎಂದರು ಪುರೋಹಿತರು. ಫೋಟೋಗಳು ಸೇರುತ್ತ ಹೋದಂತೆ ಅದು ಹೋಳಿಗೆಯಾಯಿತು. ಆಮೇಲೆ ಅದನ್ನು ಹಿಡಿದ ಕೈ, ಕೊನೆಗೆ ತುಂಬಿದ ಬಾಯಿ. ಶುಗರ್ ಬಂದ ಮೇಲೆ ಸಿಹಿ ಮುಟ್ಟೇ ಇಲ್ಲ ಎಂದು ಮಧ್ಯಾಹ್ನವಷ್ಟೇ ಎಲ್ಲರೆದುರು ಹೇಳಿದ್ದ ವರನ ತಂದೆಯ ಬಾಯಿ.

ವರನ ತಾಯಿ ಸಾವಕಾಶವಾಗಿ ನೋಡಿ, ನನ್ನ ಹೆಂಡತಿಯತ್ತ ತಿರುಗಿದರು.

"ತುಂಬಾ ಉಪಯೋಗದ ವಸ್ತು. ಎಲ್ಲಿ ಸಿಗ್ತದೆ? ನಮಗೂ ಒಂದು ಬೇಕು."

ಹೆಂಡತಿಯ ಕಾರು ಇವತ್ತಿಗೂ ರಸ್ತೆಯಲ್ಲೇ ಇದೆ.