ಎರಡನೆಯ ಬ್ರೇಕು

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರ ಬಲಗಾಲಿಗೆ ಸುಮ್ಮನಿದ್ದು ಗೊತ್ತಿಲ್ಲ. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತಮಗಾಗಿಯೇ ಹಾಕಿಸಿಕೊಂಡ ಎರಡನೆಯ ಬ್ರೇಕನ್ನು ವರ್ಷಗಟ್ಟಲೆ ಒತ್ತಿ ಒತ್ತಿ ಆ ಕಾಲಿಗೆ ಸ್ವಂತ ಬುದ್ಧಿ ಬಂದುಬಿಟ್ಟಿದೆ. ಟೀವಿಯಲ್ಲಿ ಲಾರಿ ಎದುರಿಗೆ ಬಂದರೆ ಒತ್ತುತ್ತದೆ. ಊಟದ ಮೇಜಿನ ಕೆಳಗೆ ಒತ್ತುತ್ತದೆ. ನಿದ್ದೆಗಣ್ಣಿನಲ್ಲಿ ಹೆಂಡತಿಯ ಮೀನಖಂಡವನ್ನೂ ಒತ್ತಿದ್ದುಂಟು (ಆಕೆ ನಿಲ್ಲಲಿಲ್ಲ, ಎದ್ದು ಕೂತು ಬೈದಳು).

ಮೊದಲೆಲ್ಲ ಮೇಷ್ಟ್ರು ಎಂಥ ಘನವ್ಯಕ್ತಿಯೆಂದರೆ, ಅವರು ಹತ್ತಿದ ಕೂಡಲೇ ಕಾರು ಅವರ ಕಡೆಗೆ ವಾಲುತ್ತಿತ್ತು. ಸೀಟ್ ಬೆಲ್ಟು ಅವರನ್ನು ಸುತ್ತಿ ಬರುವಷ್ಟರಲ್ಲಿ ಸುಸ್ತಾಗುತ್ತಿತ್ತು. ಕೊನೆಗೆ ಆಸ್ಪತ್ರೆಗೆ ಹೋಗಿ ಹೊಟ್ಟೆಯನ್ನೇ ಕತ್ತರಿಸಿ ಚಿಕ್ಕದು ಮಾಡಿಸಿಕೊಂಡು ಬಂದರು. "ಸ್ವಲ್ಪ ಸ್ವಲ್ಪ ತಿನ್ನಿ. ಮೊದಲು ಪ್ರೋಟೀನ್ ತಿನ್ನಿ. ದಿನವೆಲ್ಲ ಗುಟುಕು ಗುಟುಕಾಗಿ ನೀರು ಕುಡೀರಿ," ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ಮೇಷ್ಟ್ರ ಕಿವಿಗೆ ಬಿದ್ದದ್ದು ನಡುವಿನ ಮಾತು ಮಾತ್ರ.

ಅಂದಿನಿಂದ ಮನೆಯಲ್ಲಿ ಪ್ರೋಟೀನ್ ಸಾಮ್ರಾಜ್ಯ ಸ್ಥಾಪನೆಯಾಯಿತು. ಬೆಳಿಗ್ಗೆ ಲಿವರ್, ಮಧ್ಯಾಹ್ನ ಸಿಗಡಿ, ಸಂಜೆ ಮತ್ತೆ ಲಿವರ್. ಅಂಗೈಯಗಲದ ಬಟ್ಟಲು, ಅದರಲ್ಲಿ ಒಂದು ಚಮಚ ಕೂಡ ಬೇರೆ ಪದಾರ್ಥ ಬೀಳುವಂತಿಲ್ಲ.

"ಮೊಟ್ಟೆ ತಿನ್ನಿ, ಮೊಸರು ತಿನ್ನಿ. ಅದ್ರಲ್ಲೂ ಇದೆಯಂತಲ್ಲ ಪ್ರೋಟೀನು," ಎಂದಳು ಹೆಂಡತಿ.

"ಅದೆಲ್ಲ ಚಿಕ್ಕಮಕ್ಕಳ ಊಟ."

"ನೀರಾದ್ರೂ ಕುಡೀರಿ."

"ನೀರು ಕುಡಿದು ಎಲ್ಲಿಗೆ ಹೋಗಲಿ? ನಡುರಸ್ತೆಯಲ್ಲಿ, ಕ್ಲಚ್ ಯಾವುದು ಅಂತ ಗೊತ್ತಿಲ್ಲದವನ ಕೈಗೆ ಸ್ಟೀರಿಂಗ್ ಕೊಟ್ಟು ಇಳಿದು ಹೋಗ್ಲಾ?"

ಮೇಷ್ಟ್ರು ಒಣಗಿದ ಗಂಟಲಿನಲ್ಲೇ ಪಾಠ ಹೇಳಿದರು, ವಾರವಾರಕ್ಕೂ ತೂಕ ಇಳಿದರು, ಬೆಲ್ಟಿಗೆ ಹೊಸ ಹೊಸ ತೂತು ಕೊರೆದು ಪ್ಯಾಂಟು ಬಿಗಿದು ಕನ್ನಡಿಯ ಮುಂದೆ ಅಡ್ಡ ತಿರುಗಿ ನಿಂತರು.

ಹೆಂಡತಿಗೆ ಬೇರೆಯದೇ ಚಿಂತೆ. ಆಕೆ ಮನೆಯಲ್ಲಿ ಕಿಟಕಿ ಪರದೆ ಹೊಲಿಯುವವಳು. ಗಂಟು ಹೊತ್ತು ಬಸ್ಸಿನಲ್ಲಿ ಮನೆಮನೆಗೆ ಮುಟ್ಟಿಸಿ ಸಾಕಾಗಿ, ಕಾರು ಕಲಿಯುತ್ತೇನೆಂದು ಹಟ ಹಿಡಿದಿದ್ದಳು. ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡ ಪಾಠದಲ್ಲಿ ಎಲ್ಲ ಸರಿ. ಪರೀಕ್ಷೆಯಲ್ಲಿ ಮಾತ್ರ ಪ್ರತಿ ಸಲವೂ ಬಿಳಿ ಗೆರೆ ದಾಟಿ ಮುಂದೆ ಹೋಗಿ ಫೇಲು. ನಾಳೆ ಮತ್ತೆ ಪರೀಕ್ಷೆ. ಈ ಸಲವೂ ಹೋದರೆ ಕಲಿಯುವವರ ಲೈಸೆನ್ಸಿನ ಅವಧಿ ಮುಗಿದು, ಎಲ್ಲ ಮೊದಲಿನಿಂದ.

"ಪಾಠದಲ್ಲಿ ಗಾಡಿ ತಾನಾಗೇ ನಿಲ್ಲುತ್ತೆ, ಪರೀಕ್ಷೆಯಲ್ಲಿ ನಿಲ್ಲೋದೇ ಇಲ್ಲ. ಅದ್ಯಾಕೆ?" ಎಂದು ಆಕೆ ಕೇಳುತ್ತಿದ್ದಳು.

"ನಿಂಗೆ ಗಾಡಿ ಭಾಷೆ ಅರ್ಥ ಆಗಲ್ಲ. ಎಲ್ಲರಿಗೂ ಒಲಿಯೋ ವಿದ್ಯೆ ಅಲ್ಲ ಇದು," ಎನ್ನುತ್ತಿದ್ದರು ಮೇಷ್ಟ್ರು, ಲಿವರ್ ಅಗಿಯುತ್ತ.

ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಎದ್ದರೆ ಬಲಗಾಲಿನ ಹೆಬ್ಬೆರಳು ಟೊಮ್ಯಾಟೊ ಹಣ್ಣಾಗಿ ಊದಿಕೊಂಡಿದೆ. ಹೊದಿಕೆಯ ಅಂಚು ತಾಗಿದರೂ ಜೀವ ಹೋಗುವ ನೋವು. ಫ್ಯಾನಿನ ಗಾಳಿಯೂ ಬೇಡವಾಯಿತು. ಮೇಷ್ಟ್ರಿಗೆ ಒಳಗೊಳಗೇ ಅನುಮಾನ ಬಂತು, ಇದು ತಿಂದದ್ದರದೇ ಕೆಲಸ. ಆದರೆ ಹೇಳಿದರೆ ಹೆಂಡತಿ ಫ್ರಿಜ್ಜಿನ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ. ಪಾಠ ಬೇಡವೆಂದರೆ ಯಾಕೆಂದು ಕೇಳುತ್ತಾಳೆ. ತುಟಿ ಕಚ್ಚಿ ಹಳೇ ರಬ್ಬರ್ ಚಪ್ಪಲಿ ಮೆಟ್ಟಿ ಕುಂಟಿಕೊಂಡು ಹೊರಟರು.

"ಕಾಲಿಗೇನಾಯ್ತು?"

"ಏನಾಗಬೇಕು? ತೂಕ ಇಳಿದಿದೆಯಲ್ಲ, ನಡಿಗೆ ಬದಲಾಗಿದೆ."

ಕಾರು ಬೀದಿಯ ತುದಿ ತಲುಪಿತು. ಎದುರಿಗೆ ಕೆಂಪು ದೀಪ. ಬಲಗಾಲು ತನ್ನ ಪಾಡಿಗೆ ತಾನು ಎದ್ದು ಪೆಡಲಿಗೆ ತಾಗಿತು ನೋಡಿ, ಮೇಷ್ಟ್ರ ಬಾಯಿಂದ "ಅಮ್ಮಾ" ಎಂಬ ಉದ್ಗಾರ ಹೊರಟು, ಕಾಲು ಹಿಂದಕ್ಕೆ ಜಿಗಿದು ಸೀಟಿನ ಮೇಲೆ ಬಂದು ಕೂತಿತು. ಹೆಂಡತಿ ಗಾಡಿ ತಾನಾಗಿ ನಿಲ್ಲಲೆಂದು ಕಾದಳು. ಅದು ನಿಲ್ಲಲಿಲ್ಲ. ಅಡ್ಡ ಹಾಯುತ್ತಿದ್ದ ಬಸ್ಸಿನ ಮಗ್ಗುಲು ದೊಡ್ಡದಾಗುತ್ತ ಬಂತು. ಆಕೆ ಹಲ್ಲು ಕಚ್ಚಿ ತನ್ನ ಬ್ರೇಕು ಒತ್ತಿದಳು. ಕಾರು ಗೆರೆಗಿಂತ ಗೇಣು ಹಿಂದೆ ನಿಂತಿತು.

"ನಿಂತಿತು ಕಣ್ರೀ," ಎಂದಳು, ನಂಬಲಾರದೆ.

ಮೇಷ್ಟ್ರು ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಕೆಳಗಿಳಿಸಿದರು.

ಆಮೇಲಿನ ಸಿಗ್ನಲ್ಲಿನಲ್ಲೂ ನಿಂತಿತು, ಶಾಲೆಯ ಮುಂದೆಯೂ ನಿಂತಿತು. ಮೇಷ್ಟ್ರಿಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಪ್ರತಿ ತಿರುವಿನಲ್ಲೂ ಕಾಲು ಏಳುತ್ತದೆ, ಹೆಬ್ಬೆರಳು ಚುರುಗುಟ್ಟುತ್ತದೆ, ಮತ್ತೆ ಕೂರುತ್ತದೆ. ಬೆವರು ಧಾರಾಕಾರ. ಹೆಂಡತಿ ರಸ್ತೆ ಬದಿಗೆ ಗಾಡಿ ನಿಲ್ಲಿಸಿ, ಬಗ್ಗಿ ನೋಡಿದಳು. ಚಪ್ಪಲಿಯಿಂದ ಹೊರಬಂದ ಕೆಂಪು ಹೆಬ್ಬೆರಳನ್ನು ನೋಡಿದಳು, ಪಕ್ಕದ ಪೆಡಲನ್ನು ನೋಡಿದಳು. ಅದರ ರಬ್ಬರು ಸವೆದು ಹೊಳೆಯುತ್ತಿತ್ತು.

"ಹಾಗಾದ್ರೆ ಇಷ್ಟು ದಿನ ಗಾಡಿ ನಿಲ್ಲಿಸ್ತಿದ್ದದ್ದು ಯಾರು?"

"ನಾನು ಬೇಕಂತ ಒತ್ತಿಲ್ಲ. ಅದೇ ಒತ್ತುತ್ತೆ."

"ನಾನು ಒತ್ತೋದಕ್ಕೆ ಮೊದಲೇ ನೀವು ಒತ್ತಿದ್ರೆ ನಾನು ಕಲಿಯೋದು ಯಾವಾಗ? ನಾನೇ ದಡ್ಡಿ ಅಂದುಕೊಂಡು ಬಚ್ಚಲಲ್ಲಿ ನಲ್ಲಿ ಬಿಟ್ಟು ಅತ್ತಿದೀನಿ, ಗೊತ್ತಾ ನಿಮಗೆ?"

ಮೇಷ್ಟ್ರಿಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು, ಹೆಬ್ಬೆರಳಿನ ನೋವನ್ನೂ ಮೀರಿಸುವಷ್ಟು ನಾಚಿಕೆ. ಆಕೆ ಕಣ್ಣೊರೆಸಿಕೊಂಡು, ಇಂಡಿಕೇಟರ್ ಹಾಕಿ, ನೇರ ಆಸ್ಪತ್ರೆಗೆ ಗಾಡಿ ತಿರುಗಿಸಿದಳು.

"ಗೌಟ್," ಎಂದರು ಡಾಕ್ಟರಮ್ಮ. "ತೂಕ ಬೇಗ ಇಳಿಯುವಾಗ ರಕ್ತದಲ್ಲಿ ಯೂರಿಕ್ ಆಮ್ಲ ಏರಿ ಕೀಲು ಊದೋದುಂಟು. ಅದರ ಮೇಲೆ ನಿಮ್ಮ ಲಿವರ್ರು, ಸಿಗಡಿ. ನೀರು ಎಷ್ಟು ಕುಡೀತೀರಿ?"

ಮೇಷ್ಟ್ರು ಗೋಡೆಯ ಕ್ಯಾಲೆಂಡರನ್ನು ಆಸಕ್ತಿಯಿಂದ ಓದಿದರು.

"ಕುಡಿಯೋದೇ ಇಲ್ಲ," ಎಂದಳು ಹೆಂಡತಿ.

"ಪ್ರೋಟೀನ್ ಬಿಡಬೇಡಿ. ಮೊಟ್ಟೆ, ಹಾಲು, ಮೊಸರಿನಿಂದ ತಗೊಳ್ಳಿ. ನೀರು ಮಾತ್ರ ದಿನವೆಲ್ಲ. ಮಾತ್ರೆ ಬರೆದುಕೊಡ್ತೀನಿ. ಬೆರಳು ಸರಿಹೋಗೋ ತನಕ ಆ ಕಾಲಲ್ಲಿ ಏನನ್ನೂ ಒತ್ತುವಂತಿಲ್ಲ."

ಮಾರನೆಯ ದಿನ ಮೇಷ್ಟ್ರ ಹೆಂಡತಿ ಬಿಳಿ ಗೆರೆಗಿಂತ ಗೇಣು ಹಿಂದೆ ನಿಲ್ಲಿಸಿ ಪಾಸಾದಳು. ಅಲ್ಲಿಂದ ಮನೆಗೆ ಬರಲಿಲ್ಲ, ಗ್ಯಾರೇಜಿಗೆ ಹೋಗಿ ಎರಡನೆಯ ಬ್ರೇಕು ಬಿಚ್ಚಿಸಿದಳು. ಅದಿದ್ದ ಜಾಗದಲ್ಲಿ ಮೇಷ್ಟ್ರ ಕಾಲಿಗೆ ಮೆತ್ತಗಿರಲೆಂದು ಪರದೆಯ ಗಂಟು ಬಂತು, ಮಡಿಲಿಗೆ ದೊಡ್ಡ ನೀರಿನ ಬಾಟಲಿ ಬಂತು. ಪಾಠಗಳಿಗೆ ರಜೆ. ಈಗ ಮೇಷ್ಟ್ರು ಹೆಂಡತಿಯ ಜೊತೆ ಪರದೆ ಮುಟ್ಟಿಸಲು ಹೋಗುತ್ತಾರೆ.

"ಕುಡೀರಿ," ಎಂದಳು ಮೊದಲ ಸಿಗ್ನಲ್ಲಿನಲ್ಲಿ.

"ಈಗ ತಾನೇ ಕುಡಿದೆ."

"ಇನ್ನೊಂದು ಗುಟುಕು."

ಊರಿನ ಅರ್ಧ ದಾಟುವಷ್ಟರಲ್ಲಿ ಬಾಟಲಿಯೂ ಅರ್ಧವಾಗಿತ್ತು. ಮೇಷ್ಟ್ರು ಸೀಟಿನಲ್ಲಿ ಆ ಕಡೆ ಸರಿದರು, ಈ ಕಡೆ ಸರಿದರು.

"ಇವಳೇ, ಗಾಡಿ ಸ್ವಲ್ಪ ನಿಲ್ಲಿಸು."

"ಯಾಕೆ?"

"ಯಾಕೆ ಅಂದ್ರೆ? ಇಷ್ಟು ನೀರು ಕುಡಿಸಿದ ಮೇಲೆ ಇನ್ಯಾಕೆ?"

ಆಕೆ ಕನ್ನಡಿ ನೋಡಿದಳು, ರಸ್ತೆ ನೋಡಿದಳು. "ಇಲ್ಲಿ ನಿಲ್ಲಿಸಬಾರದು ಅಂತ ಬೋರ್ಡಿದೆ. ಬೋರ್ಡು ನೋಡೋದು ನೀವೇ ಹೇಳಿಕೊಟ್ಟದ್ದು. ಮುಂದೆ ನೋಡೋಣ, ತಾಳಿ."

ಮೇಷ್ಟ್ರ ಬಲಗಾಲು ಪರದೆಯ ಗಂಟನ್ನು ಮೆಲ್ಲಗೆ ಒತ್ತಿತು. ಮತ್ತೆ ಒತ್ತಿತು. ಗಾಡಿ ಹೋಗುತ್ತಲೇ ಇತ್ತು.