ಐದನೇ ಬಕೆಟ್ಟು

ಕೇಶ್ವಾಪುರದ ನಮ್ಮ ಮನೆಯನ್ನು ಒಂದೇ ತಿಂಗಳಲ್ಲಿ ಜರ್ಮನಿ ಮಾಡಿಬಿಡುತ್ತೇನೆ ಎಂದು ಶಪಥ ಮಾಡಿದೆ! ಇಡೀ ಜರ್ಮನಿಯಲ್ಲ, ಕಸದ ಮಟ್ಟಿಗೆ ಮಾತ್ರ.

ಧಾರವಾಡದ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುವ ನಾನು, ಸಂಶೋಧನೆಗೆಂದು ಹೆಂಡತಿ ಸುಲಭಾಳ ಜೊತೆ ಎರಡು ವರ್ಷ ಜರ್ಮನಿಯಲ್ಲಿದ್ದು ಬಂದವನು. ಸಂಶೋಧನೆ ಎಷ್ಟಾಯಿತೆಂದು ದಯವಿಟ್ಟು ಕೇಳಬೇಡಿ. ಕಸ ಬೇರೆ ಮಾಡುವುದರಲ್ಲಂತೂ ಪಂಡಿತನಾದೆ. ಹೋದ ಮೊದಲ ವಾರವೇ ಮೇಲಿನ ಮನೆಯ ಮುದುಕಿ ನಮ್ಮ ಕಸದ ಚೀಲವನ್ನು ಎರಡು ಬೆರಳಲ್ಲಿ ಹಿಡಿದು ಬಾಗಿಲು ಬಡಿದಿದ್ದಳು. ಪ್ಲಾಸ್ಟಿಕ್ ಕಸದೊಳಗೆ ಸೋಸಿದ ಚಹಾಪುಡಿ! ಆಕೆ ನೋಡುತ್ತ ನಿಂತಳು. ನಾನು ಮೆಟ್ಟಿಲ ಮೇಲೆ ಕುಳಿತು ಚಮಚದಿಂದ ಪುಡಿ ಬೇರೆ ಮಾಡಿದೆ. ಪಿಎಚ್.ಡಿ. ಸಂದರ್ಶನದಲ್ಲೂ ನಾನು ಅಷ್ಟು ಬೆವರಿರಲಿಲ್ಲ.

ಊರಿಗೆ ಬಂದವನೇ ಹಿತ್ತಲಲ್ಲಿ ಐದು ಬಣ್ಣದ ಐದು ಬಕೆಟ್ಟು ಪ್ರತಿಷ್ಠಾಪಿಸಿದೆ. ಹಸಿ ಕಸ, ಕಾಗದ, ಪ್ಲಾಸ್ಟಿಕ್, ಗಾಜು, ಕೊನೆಯದು ಹಳೆ ಬಟ್ಟೆ!

“ಅಲ್ರಿ, ಅಲ್ಲೆ ಆ ಮುದುಕಿ ಕಡೆ ಬೈಸಿಕೊಂಡಿದ್ದನ್ನ ಇಲ್ಲೆ ನಮ್ಮನ್ನ ಬೈದು ತೀರಿಸ್ಕೋತೀರೇನು?” ಎಂದಳು ಸುಲಭಾ.

“ಇದಕ್ಕ ಶಿಸ್ತು ಅಂತಾರ!”

“ಶಿಸ್ತಿಲ್ದನ ಇಷ್ಟು ವರ್ಷ ಸಂಸಾರ ನಡಸೀನೇನು? ಹಾಲಿನ ಪಾಕೀಟು ತೊಳದು ರದ್ದಿಯವಗ ಕೊಡ್ತೀನಿ. ಉಳದ ರೊಟ್ಟಿ ಆಕಳಿಗೆ ಹಾಕ್ತೀನಿ. ಹಳೇ ಅರವಿ ಒಂದೂ ಕಸಕ್ಕ ಒಗಿಯೂದಿಲ್ಲ. ನಿಮ್ಮ ಬಕೀಟ್ನ್ಯಾಗ ಹಾಕ್ಲಿಕ್ಕೆ ನನ್ನ ಕಡೆ ಏನದ?”

ಮೂರು ದಿನವಾದರೂ ಐದನೇ ಬಕೆಟ್ಟು ಖಾಲಿ! ನನಗೋ ತಡೆಯಲಾರದ ಸಂಕಟ. ನಾಲ್ಕನೇ ದಿನ ಬೆಳಿಗ್ಗೆ, ಸುಲಭಾ ಪೂಜೆಗೆ ಕುಳಿತಾಗ, ಅಟ್ಟ ಹತ್ತಿದೆ. ಅಲ್ಲೊಂದು ಗಂಟು. ಹೊರಗೆ ಇಣುಕಿದ್ದು ಬಣ್ಣ ಹೋದ ಹತ್ತಿ ಸೀರೆಯ ಹರಿದ ಅಂಚು. ಬಿಚ್ಚಿ ನೋಡುವಷ್ಟು ತಾಳ್ಮೆ ಯಾರಿಗಿತ್ತು? ಬಕೆಟ್ಟಿಗೆ ಹಾಕಿದೆ. ಅಷ್ಟರಲ್ಲಿ ಕಸದ ಗಾಡಿಯೂ ಬಂತು. ಗಾಡಿಯ ಕಾವೇರಿಗೆ ಐದೂ ಬಕೆಟ್ಟು ಒಪ್ಪಿಸಿ, ಮೇಲೊಂದು ಭಾಷಣವನ್ನೂ ಕೊಟ್ಟೆ.

“ಹಸೀದೊಂದು, ಒಣಾದೊಂದು ಬ್ಯಾರೆ ಕೊಟ್ರ ಸಾಕ್ರಿ ಸಾಹೇಬ್ರ” ಎಂದು ಆಕೆ ಹೊರಟಳು.

ಹನ್ನೊಂದರ ಸುಮಾರಿಗೆ ಸುಲಭಾ, ಚೊಚ್ಚಲ ಹೆರಿಗೆಗೆ ಬಂದಿದ್ದ ಮಗಳು ಋತುಜಾಳ ಆಸ್ಪತ್ರೆಯ ಚೀಲ ತುಂಬತೊಡಗಿದಳು.

“ಏನ್ರಿ, ಅಟ್ಟದ ಮ್ಯಾಲೆ ನಮ್ಮವ್ವನ ಸೀರಿ ಗಂಟಿತ್ತಲ್ಲಾ, ಕಂಡೀರೇನು?”

ನಾನು ಹಿತ್ತಲ ಕಡೆ ನೋಡಿದೆ. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಒರಟಾಗುತ್ತದೆಂದು, ಅಜ್ಜಿ-ಮುತ್ತಜ್ಜಿಯರು ಉಟ್ಟುಟ್ಟು ಮೆತ್ತಗಾದ ಸೀರೆಯಲ್ಲೇ ಮೊದಲು ಸುತ್ತುವುದು ನಮ್ಮಲ್ಲಿನ ಪದ್ಧತಿ. ಅತ್ತೆ ತೀರಿಕೊಂಡಾಗ ನಾವು ಜರ್ಮನಿಯಲ್ಲಿದ್ದೆವು. ತಾಯಿಯ ಮುಖ ಕೊನೆಗೊಮ್ಮೆ ನೋಡಲೂ ಸುಲಭಾಳಿಗೆ ಆಗಲಿಲ್ಲ. ಆಕೆಗೆ ಉಳಿದದ್ದು ಆ ಗಂಟೊಂದೇ.

“ಐದನೇ ಬಕೆಟ್ಟು...” ಎಂದೆ.

ಸುಲಭಾ ಬೈಯಲಿಲ್ಲ. ಅರ್ಧ ತುಂಬಿದ ಚೀಲವನ್ನು ಮಡಿಲಿಗೆಳೆದುಕೊಂಡು ಕುಳಿತಳು. ಬೈದಿದ್ದರೆ ಎಷ್ಟೋ ಚಲೋ ಇತ್ತು.

“ಅಪ್ಪಾ, ಇನ್ನೂ ನಿಂತೀಯಲ್ಲಾ! ಲಗೂ ಹೋಗು!” ಎಂದು ಋತುಜಾ ಸ್ಕೂಟರಿನ ಕೀಲಿ ಕೈಗೆ ತುರುಕಿದಳು.

ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯದು! ಯಾವ ಓಣಿಗೆ ಹೋದರೂ “ಈಗರ ಹೋತಲ್ರಿ” ಎಂಬ ಉತ್ತರ. ಕೊನೆಗೆ ಗಬ್ಬೂರ ಬೈಪಾಸಿನ ಹತ್ತಿರ, ಚಹಾದಂಗಡಿಯ ಮುಂದೆ ಗಾಡಿ ಸಿಕ್ಕಿತು. ನಾನು ಬಾಯಿ ತೆರೆಯುವ ಮೊದಲೇ ಕಾವೇರಿ ಡ್ರೈವರನ ಪಕ್ಕದ ಸೀಟು ತೋರಿಸಿದಳು. ಗಂಟು ಅಲ್ಲಿತ್ತು!

“ಒಗದು, ಮಡಚಿ, ನಡುವ ಬೇವಿನ ಎಲಿ ಇಟ್ಟಾರ. ಕಸಕ್ಕ ಯಾರರ ಬೇವಿನ ಎಲಿ ಇಡ್ತಾರೇನ್ರಿ? ನಿಮ್ಮ ಮಗಳನ್ನ ದಿನಾ ನೋಡ್ತೇನಿ. ಬಾಣಂತನದ್ದು ಅಂತ ಗೊತ್ತಾತು, ತಗದಿಟ್ಟೆ.”

ಕೈ ಮುಗಿದು, ಆಮೇಲೆ ಕೈ ಚಾಚಿದೆ. ಆಕೆ ಗಂಟನ್ನು ಎದೆಗೆ ಅವುಚಿಕೊಂಡಳು.

“ನಿಮ್ಮ ಕೈಯಾಗ ಕೊಡಂಗಿಲ್ರಿ. ನಾಳೆ ಮತ್ತ ಗಾಡ್ಯಾಗ ಬಂದ್ರ? ಅಕ್ಕಾರಿಗೇ ಕೊಡ್ತೇನಿ.”

ಹೀಗೆ ಮುಂದೆ ಕಸದ ಗಾಡಿ, ಹಿಂದೆ ಡಾಕ್ಟರ್ ರಮಾಕಾಂತನಾದ ನಾನು! ಮೆರವಣಿಗೆ ಕೇಶ್ವಾಪುರದವರೆಗೂ ನಡೆಯಿತು. ದಾರಿಯಲ್ಲಿ ನಿಜಕ್ಕೂ ನಾಚಿಕೆಯಾಯಿತು. ಯಾವ ಕಸ ಯಾವ ಡಬ್ಬಿಗೆ ಎಂದು ಎರಡು ವರ್ಷ ಕಲಿತು ಬಂದೆ. ಆ ಜನರದೇನೂ ತಪ್ಪಿಲ್ಲ, ಅವರ ಕಸ ಅವರಿಗೆ ಗೊತ್ತು. ನನ್ನ ಮನೆಯಲ್ಲಿ ಯಾವುದು ಕಸವೇ ಅಲ್ಲ ಎಂಬುದು ಕಾವೇರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಸುಲಭಾ ಗಂಟಿನಲ್ಲಿ ಮುಖ ಹುದುಗಿಸಿ ಅತ್ತಳು. ಜರ್ಮನಿಯಲ್ಲಿ ಅಳಲಾಗದೆ ಉಳಿದದ್ದನ್ನೂ ಸೇರಿಸಿ ಅತ್ತಳು. ಕಾವೇರಿ ಬೆನ್ನು ಸವರುತ್ತ ಕುಳಿತಳು. ನಾನು ಒಳಗೆ ಹೋಗಿ ಮೂವರಿಗೂ ಚಹಾ ಮಾಡಿದೆ.

ಆ ವಾರವೇ ಮೊಮ್ಮಗಳು ಹುಟ್ಟಿದಳು. ಮುತ್ತಜ್ಜಿಯ ಸೀರೆಯೊಳಗೆ ಬೆಚ್ಚಗೆ ಮಲಗಿದ್ದಾಳೆ. ಮನೆಯವರೆಲ್ಲ ನನ್ನನ್ನು ಕ್ಷಮಿಸಿದ್ದಾರೆ ಎಂದುಕೊಂಡು, ಇವತ್ತು ಬೆಳಿಗ್ಗೆ ಬಾಳೆಹಣ್ಣು ತಿಂದವನು ಸಿಪ್ಪೆ ಹಿಡಿದು ಧೈರ್ಯವಾಗಿ ಗಾಡಿಯ ಹತ್ತಿರ ಹೋದೆ. ಕಾವೇರಿ ಸಿಪ್ಪೆ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಇಡೀ ಓಣಿಗೆ ಕೇಳುವಂತೆ ಒಳಗೆ ಕೂಗಿದಳು:

“ಅಕ್ಕಾರ... ಸಾಹೇಬ್ರು ಬಾಳಿಹಣ್ಣಿನ ಸಿಪ್ಪಿ ಕೊಡಾಕತ್ತಾರ, ತೊಗೊಳ್ಳಲೇನ್ರಿ?”