ಮಾವನ ಹಲ್ಲು, ಅಳಿಯನ ಎಂಜಿನ್

ಎಲ್ಲದಕ್ಕೂ ಕಾರಣ ಮಾವನವರ ಒಂದು ದವಡೆ ಹಲ್ಲು. ಹದಿನೈದು ದಿನದಿಂದ ಅದು ಅವರ ಎಡಗೆನ್ನೆಯನ್ನು ಊದಿಸಿ, ಮಗಳ ಮನೆಯಲ್ಲಿ ಯಾರಿಗೂ ನೆಮ್ಮದಿ ಇಲ್ಲದಂತೆ ಮಾಡಿತ್ತು. ಹಲ್ಲಿನ ಡಾಕ್ಟರು ಹೊಳೆಯ ಆಚೆ ದಡದ ಪೇಟೆಗೆ ಬರುವುದು ಭಾನುವಾರ ಮಾತ್ರ, ಹನ್ನೆರಡು ಗಂಟೆಗೆ ಬಾಗಿಲು ಹಾಕಿಕೊಂಡು ಹೊರಟುಬಿಡುತ್ತಾರೆ. ಅಲ್ಲಿಗೆ ಹೋಗುವ ಒಂದೇ ಬಸ್ಸು ಬೆಳಗ್ಗೆ ಏಳಕ್ಕೆ. ಅದು ಹಾರ್ನ್ ಹೊಡೆದು ಹೊಡೆದು ಹೋದಾಗ ಮಾವನವರು ಇನ್ನೂ ಬಚ್ಚಲುಮನೆಯಲ್ಲೇ ಇದ್ದರು.

"ಬಸ್ಸು ಹೋದ್ರೆ ಹೋಗ್ಲಿ. ದೋಣಿ ಇದೆಯಲ್ಲ!" ಎಂದ ಅಳಿಯ.

ಅಳಿಯನದು ಗಡಿಯಾರ ರಿಪೇರಿ ಅಂಗಡಿ. ಊರಿಗೆಲ್ಲ ಅವನು ವಾಚಣ್ಣ. ತನ್ನ ಕೈಗೆ ಸಿಕ್ಕ ಮೇಲೆ ಯಾವ ಯಂತ್ರವೂ ಬಾಲ ಬಿಚ್ಚುವುದಿಲ್ಲ ಎಂಬುದು ಅವನ ಗಟ್ಟಿ ನಂಬಿಕೆ. ಅವನು ಬಿಚ್ಚಿದ ಮಿಕ್ಸಿಯೊಂದು ಮೂರು ವರ್ಷದಿಂದ ಅಟ್ಟದ ಮೇಲೆ ಬಿದ್ದಿತ್ತು, ನಿಜ. ಆದರೆ ಅದು ಮಿಕ್ಸಿ ಮಾಡಿದವರ ತಪ್ಪು.

ಮಾವನ ಹಸಿರು ಬಣ್ಣದ ಮೋಟಾರು ದೋಣಿಯ ಮೇಲೆ ಅವನಿಗೆ ಮದುವೆಯಾದಾಗಿನಿಂದಲೂ ಕಣ್ಣು. ಸಂಜೆ ಅಂಗಡಿ ಮುಚ್ಚಿ, ಹೊಳೆಯ ನಟ್ಟನಡುವೆ ಹೋಗಿ, ಎಂಜಿನ್ ನಿಲ್ಲಿಸಿ, ಒಂದು ಗಡಿಯಾರದ ಸದ್ದೂ ಕೇಳದ ಕಡೆ ಅರ್ಧ ಗಂಟೆ ತೆಪ್ಪಗೆ ಕೂರಬೇಕು. ಅವನು ಬದುಕಿನಲ್ಲಿ ಆಸೆಪಟ್ಟದ್ದು ಅಷ್ಟಕ್ಕೇ.

"ನನ್ನಿಂದಾಗಲ್ಲ ಅಳಿಯಂದ್ರೇ," ಎಂದರು ಮಾವ, ಕೆನ್ನೆ ಹಿಡಿದುಕೊಂಡು. "ಎಂಜಿನ್ ಹಗ್ಗ ಜಗ್ಗಿದ್ರೆ ನೇರ ಹಲ್ಲಿಗೇ ಜಗ್ಗುತ್ತೆ. ನೀವೇ ನೋಡಿ. ಇವತ್ತು ಇದನ್ನ ಯಾರು ಸ್ಟಾರ್ಟ್ ಮಾಡ್ತಾರೋ, ದೋಣಿ ಅವರದ್ದೇ. ನನಗೂ ವಯಸ್ಸಾಯ್ತು."

ವಾಚಣ್ಣ ಆಗಲೇ ಅಂಗಿಯ ತೋಳು ಮಡಿಸಿಕೊಂಡ. ಆದರೂ ವ್ಯವಹಾರ ಅಂದರೆ ವ್ಯವಹಾರ. ಪಕ್ಕದ ಮನೆಯ ಟೈಲರನನ್ನೂ ಎದುರು ಮನೆಯ ನಿವೃತ್ತ ಬಸ್ ಡ್ರೈವರನ್ನೂ ಕರೆದು, ಅವರೆದುರು ಮಾವನಿಂದ ಆ ಮಾತನ್ನು ಎರಡು ಸಲ ಹೇಳಿಸಿದ. ಸಾಕ್ಷಿಗೆಂದು ಬಂದ ಇಬ್ಬರೂ ಸಾಕ್ಷಿ ಹೇಳಿ ಮನೆಗೆ ಹೋಗುವ ಪೈಕಿಯವರಲ್ಲ. ದಡದ ತನಕ ಹಿಂದೆಯೇ ಬಂದರು.

ಒಂಬತ್ತು ಗಂಟೆಗೆ ವಾಚಣ್ಣ ಮೊದಲ ಸಲ ಹಗ್ಗ ಎಳೆದ. ಎಂಜಿನ್ ಒಮ್ಮೆ ಗೊರ್ರ್ ಎಂದು ಸುಮ್ಮನಾಯಿತು. ಹತ್ತು ಸಲ ಎಳೆದ. ಹತ್ತು ಸಲವೂ ಅದೇ ಗೊರ್ರ್.

"ಒಳಗಡೆ ಎಲ್ಲ ಸಣ್ಣಸಣ್ಣ ಭಾಗ, ಅಳಿಯಂದ್ರೇ. ನಿಮ್ಮ ಭೂತಗನ್ನಡಿ ಅಂಗಡೀಲಿದೆಯಲ್ಲ, ನನ್ನ ಕನ್ನಡಕ ಹಾಕ್ಕೊಳ್ಳಿ," ಎಂದು ಮಾವ ತಾವೇ ಎದ್ದು ಬಂದು ಅಳಿಯನ ಮೂಗಿನ ಮೇಲೆ ಕನ್ನಡಕ ಏರಿಸಿದರು. ಅದಕ್ಕೆ ಹಳೇ ಟೆಲಿಫೋನಿನ ವೈರಿನಂಥ ಕೆಂಪು ಸುರುಳಿ ದಾರ ಕಟ್ಟಿತ್ತು. ದಾರದ ತುದಿಗೆ ಒಂದು ಪ್ಲಾಸ್ಟಿಕ್ ಕೊಂಡಿ. ಅದನ್ನೂ ಜೋಪಾನವಾಗಿ ಕೊರಳಿಗೆ ಸುತ್ತಿದರು.

"ದಾರ ಬಲು ಗಟ್ಟಿ ಇದೆ," ಎಂದು ಟೈಲರ್ ಎಳೆದು ನೋಡಿ ಮೆಚ್ಚಿಕೊಂಡ.

"ಪೆಟ್ರೋಲ್ ಬರ್ತಿಲ್ಲ, ಬರೆದಿಟ್ಕೊಳ್ಳಿ," ಎಂದರು ಡ್ರೈವರ್. ಮೂವತ್ತು ವರ್ಷ ಡೀಸೆಲ್ ಬಸ್ಸು ಓಡಿಸಿದವರು. ಟ್ಯಾಂಕಿನ ಪೈಪಿನ ನಡುವೆ ಇದ್ದ ರಬ್ಬರ್ ಉಂಡೆಯನ್ನು ಎರಡು ಕೈಯಲ್ಲಿ ಹಿಡಿದು ಹಿಂಡಿದರು. ಪೈಪು ಪಟ್ಟನೆ ಕಿತ್ತುಬಂದು, ಪೆಟ್ರೋಲು ಟೈಲರನ ಇಸ್ತ್ರಿ ಅಂಗಿಯ ಮೇಲೆ ಚಿಮ್ಮಿತು.

"ಬರ್ತಿದೆ," ಎಂದ ಟೈಲರ್ ಕಣ್ಣೊರೆಸಿಕೊಂಡು. "ಪೆಟ್ರೋಲ್ ಚೆನ್ನಾಗೇ ಬರ್ತಿದೆ."

"ಹಾಗಾದ್ರೆ ಪ್ಲಗ್ಗು," ಎಂದ ವಾಚಣ್ಣ, ಪೈಪನ್ನು ಮತ್ತೆ ಸಿಕ್ಕಿಸಿ. ಪ್ಲಗ್ ಬಿಚ್ಚಿ ಎಂಜಿನ್ನಿಗೆ ತಾಗಿಸಿ ಹಿಡಿದು ಹಗ್ಗ ಎಳೆಸಿದ. ಕಿಡಿಯ ಸುಳಿವೇ ಇಲ್ಲ.

"ನೋಡಿದ್ರಾ! ರೋಗ ಸಿಕ್ತು. ಇನ್ನು ಐದು ನಿಮಿಷ."

"ನಮ್ಮ ಅಳಿಯಂದ್ರ ಕಣ್ಣು ತಪ್ಪಿಸೋಕಾಗುತ್ತಾ?" ಎಂದರು ಮಾವ, ಮರದ ನೆರಳಲ್ಲಿ ಕಾಲು ಚಾಚಿ. "ಸ್ಯಾಂಡ್ ಪೇಪರ್ ಹಾಕಿ ನಿಧಾನಕ್ಕೆ ಉಜ್ಜಿ. ಅವಸರ ಬೇಡ."

ಉಜ್ಜುವಾಗ ಪ್ಲಗ್ ಕೈಜಾರಿ ನೀರಿಗೆ ಬಿತ್ತು. ವಾಚಣ್ಣ ಸೊಂಟದ ತನಕ ಇಳಿದು ಅರ್ಧ ಗಂಟೆ ಕೆಸರು ತಡಕಿದ. ಎರಡು ಚಪ್ಪಲಿ, ಒಂದು ಸೌಟು ಸಿಕ್ಕವು. ಪ್ಲಗ್ ನಾಲ್ಕನೆಯದಾಗಿ ಸಿಕ್ಕಿತು. ಒರೆಸಿ ಒಣಗಿಸಿ ಹಾಕಿದರೆ ಮತ್ತದೇ ಗೊರ್ರ್.

ಅಷ್ಟರಲ್ಲಿ ಮೀನುಗಾರನೊಬ್ಬ ತನ್ನ ಪುಟ್ಟ ದೋಣಿಯನ್ನು ಹತ್ತಿರ ತಂದ. "ಯಜಮಾನ್ರನ್ನ ನಾನು ಹುಟ್ಟು ಹಾಕಿ ದಾಟಿಸ್ಲಾ ವಾಚಣ್ಣ? ಮುಕ್ಕಾಲು ಗಂಟೆ ಸಾಕು."

ಮಾವನ ಮುಖ ಬಿಳುಚಿಕೊಂಡಿತು. ಆದರೆ ವಾಚಣ್ಣನಿಗೆ ರೋಷ ಬಂದಿತ್ತು. ಎಂಜಿನ್ ಸ್ಟಾರ್ಟ್ ಮಾಡದೆ ಮಾವನನ್ನು ದಾಟಿಸಿದರೆ ದೋಣಿ ಕೈತಪ್ಪಿದಂತೆಯೇ ಅಲ್ಲವೇ?

"ಬೇಡಪ್ಪಾ. ನಿನ್ನ ಮುಕ್ಕಾಲು ಗಂಟೆ ನೀನೇ ಇಟ್ಕೋ. ನಾವು ಕಾಲು ಗಂಟೇಲಿ ಅಲ್ಲಿರ್ತೀವಿ."

"ಭೇಷ್! ಗಂಡಸಿನ ಮಾತು ಅಂದ್ರೆ ಇದು," ಎಂದು ಮಾವ ಚಪ್ಪಾಳೆ ತಟ್ಟಿದರು.

ಆಮೇಲೆ ಡ್ರೈವರೂ ಟೈಲರೂ ಜೊತೆಯಾಗಿ ಹಗ್ಗ ಜಗ್ಗಿದರು. ಹಗ್ಗ ಪೂರ್ತಿ ಕೈಗೆ ಬಂತು, ಇಬ್ಬರೂ ಅಂಗಾತ ಬಿದ್ದರು. ವಾಚಣ್ಣ ಮುಚ್ಚಳ ಬಿಚ್ಚಿದೊಡನೆ ಒಳಗಿನ ಸ್ಪ್ರಿಂಗ್ ಹಾವಿನಂತೆ ಹಾರಿ ಹೊರಬಂತು. ಮಿಕ್ಕವರು ಹೌಹಾರಿದರು. ವಾಚಣ್ಣ ಮಾತ್ರ ಅವತ್ತು ಮೊದಲ ಬಾರಿಗೆ ನಕ್ಕ. ಸ್ಪ್ರಿಂಗ್ ಅವನ ಬಾಲ್ಯ ಸ್ನೇಹಿತ ಇದ್ದ ಹಾಗೆ. ಇಪ್ಪತ್ತು ನಿಮಿಷದಲ್ಲಿ ಸುತ್ತಿ, ಕೂರಿಸಿ, ಹೊಸ ಹಗ್ಗ ಕಟ್ಟಿದ. ಆ ಕೆಲಸ ನೋಡಿ ಡ್ರೈವರ್ ಕೂಡ ತಲೆದೂಗಿದರು. ಕಡೆಗೆ ಒಂದು ವಾಷರ್ ಕೈಯಲ್ಲಿ ಉಳಿಯಿತು. ಅವನ ರಿಪೇರಿಯಲ್ಲಿ ಏನಾದರೊಂದು ಉಳಿಯುವುದು ಮಾಮೂಲು.

"ಈಗ ಹತ್ತದಿದ್ರೆ ಕೇಳಿ," ಎಂದು ಎಳೆದ. ಗೊರ್ರ್.

ಮಾವ ಕೈಗಡಿಯಾರ ನೋಡಿಕೊಂಡರು. "ಹನ್ನೆರಡೂ ಕಾಲು. ಅಳಿಯಂದ್ರು ರಿಪೇರಿ ಮಾಡಿದ ವಾಚು, ತಪ್ಪೋ ಮಾತೇ ಇಲ್ಲ. ಪಾಪ, ಡಾಕ್ಟ್ರು ಹೋಗಿರ್ತಾರೆ."

ಹೀಗೆಂದು ಲವಲವಿಕೆಯಿಂದ ಎದ್ದು, ಪಂಚೆ ಮೇಲಕ್ಕೆ ಕಟ್ಟಿ ದೋಣಿಗೆ ಹತ್ತಿದರು. ಸೋತು ಕೂತಿದ್ದ ಅಳಿಯನನ್ನು ಕೈಹಿಡಿದು ದಡದ ಮೆಟ್ಟಿಲ ಮೇಲೆ ಇಳಿಸಿದರು. ಇಳಿಸುವಾಗಲೇ ಅವನ ಕೊರಳಿನ ಕೆಂಪು ದಾರವನ್ನು ಕನ್ನಡಕದಿಂದ ಬಿಚ್ಚಿಕೊಂಡರು. ದಾರದ ತುದಿಯ ಕೊಂಡಿಯನ್ನು ಎಂಜಿನ್ನಿನ ಕೆಂಪು ಗುಂಡಿಯ ಅಡಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಮಣಿಕಟ್ಟಿಗೆ ಹಾಕಿಕೊಂಡು, ಒಂದೇ ಒಂದು ಸಲ ಹಗ್ಗ ಎಳೆದರು.

ಎಂಜಿನ್ ಭರ್ರೆಂದು ಹತ್ತಿಕೊಂಡಿತು.

"ಓಡಿಸೋನು ನೀರಿಗೆ ಬಿದ್ರೆ ಕೊಂಡಿ ಕಿತ್ಕೊಂಡು ಎಂಜಿನ್ ನಿಲ್ಲಲಿ ಅಂತ ಇದು," ಎಂದು ಮಾವ ಸದ್ದಿನ ಮೇಲೆ ಕೂಗಿ ವಿವರಿಸಿದರು. "ಇದಿಲ್ದೆ ಕಿಡಿ ಬರಲ್ಲ."

"ಮೂರು ಗಂಟೆ ಹೊತ್ತಿನಿಂದ ನನ್ನ ಕುತ್ತಿಗೇಲೇ ಇತ್ತಲ್ಲ ಮಾವ! ಗೊತ್ತಿದ್ದೂ ಹೇಳ್ಲಿಲ್ವಾ?"

"ನೀವು ಇಡೀ ಬೀದೀನ ಕೇಳಿದ್ರಿ. ನನ್ನನ್ನೊಬ್ಬನ್ನ ಕೇಳ್ಲಿಲ್ಲ."

"ಮತ್ತೆ ಹಲ್ಲುನೋವು?"

"ನೋವು ನನಗೆ ಅಭ್ಯಾಸ ಆಗಿದೆ ಅಳಿಯಂದ್ರೇ. ಹಲ್ಲು ಕೀಳಿಸ್ಕೊಳ್ಳೋದು ಅಭ್ಯಾಸ ಇಲ್ಲ."

ವಾಚಣ್ಣ ಸಾಕ್ಷಿಗಳತ್ತ ತಿರುಗಿದ. ಡ್ರೈವರ್ ಗಂಟಲು ಸರಿಮಾಡಿಕೊಂಡರು. "ಮಾತು ಅಂದ್ರೆ ಮಾತು ವಾಚಣ್ಣ. ಸ್ಟಾರ್ಟ್ ಮಾಡಿದೋರದ್ದು ದೋಣಿ. ನೀವೇ ಎರಡು ಸಲ ಹೇಳಿಸಿದ್ರಿ."

ಟೈಲರ್ ದೋಣಿ ಕಟ್ಟಿದ್ದ ಹಗ್ಗ ಬಿಚ್ಚಿಕೊಟ್ಟ. ಹಸಿರು ದೋಣಿ ಹೊಳೆಯ ನಟ್ಟನಡುವೆ ಹೋಗಿ ನಿಂತಿತು. ಎಂಜಿನ್ ಸದ್ದು ಅಡಗಿತು. ಮಾವ ಕೈಕಟ್ಟಿ, ಕಾಲು ಚಾಚಿ, ಯಾವ ಗಡಿಯಾರದ ಸದ್ದೂ ಕೇಳದ ಜಾಗದಲ್ಲಿ ತೆಪ್ಪಗೆ ಕೂತರು. ವಾಚಣ್ಣನಿಗೆ ಹೊಟ್ಟೆ ಉರಿದುಹೋಯಿತು.

ಅವನ ಅಂಗಿ ಜೇಬಿನ ಫೋನು ಬಡಿದುಕೊಂಡಿತು. ಹೆಂಡತಿ.

"ರೀ, ಎಂಜಿನ್ ಸದ್ದು ಮನೆ ತನಕ ಕೇಳಿಸ್ತು! ಅಂತೂ ಸ್ಟಾರ್ಟ್ ಮಾಡಿದ್ರಲ್ಲ! ಅಪ್ಪನ ಹಲ್ಲು ಹೋಯ್ತಾ?"

"ಇಲ್ಲ ಕಣೇ, ಅದು ಭದ್ರವಾಗಿದೆ," ಎಂದ ವಾಚಣ್ಣ, ಅಂಗೈಯಲ್ಲಿದ್ದ ವಾಷರನ್ನು ನೋಡುತ್ತ. "ದೋಣಿ ಹೋಯ್ತು."